ಕುಸಿದ ಕಟ್ಟಡಗಳಲ್ಲಿ ಶೋಧ ಮತ್ತು ರಕ್ಷಣೆ: ಮಂಗಳೂರಿನಲ್ಲಿ ಸ್ವಯಂಸೇವಕರ ತರಬೇತಿ

ಕುಸಿದ ಅಥವಾ ಕುಸಿಯುವ ಸ್ಥಿತಿಯಲ್ಲಿರುವ ಕಟ್ಟಡಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ಹೊರತರುವ ವಿಧಾನಗಳನ್ನು ಸಾಮಾನ್ಯ ನಾಗರಿಕರಿಗೆ ಕಲಿಸುವ ಶಿಕ್ಷಣಕ್ರಮವೇ ಸ್ವಯಂಸೇವಕರ ಶೋಧ ಮತ್ತು ರಕ್ಷಣಾ ತರಬೇತಿ. ವಿಪತ್ತು ಸಂಭವಿಸಿದಾಗ ವೃತ್ತಿಪರ ಪಡೆಗಳು ಸ್ಥಳಕ್ಕೆ ಬರುವವರೆಗಿನ ಅವಧಿಯನ್ನು ತುಂಬುವುದು ಮತ್ತು ಬಂದ ಮೇಲೆ ಅವುಗಳಿಗೆ ನೆರವಾಗುವುದು ಇದರ ಉದ್ದೇಶ. ಮಂಗಳೂರು ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ಗೃಹರಕ್ಷಕ ದಳ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಆಪದ ಮಿತ್ರ ಯೋಜನೆ ಹಾಗೂ ಸ್ವಯಂಸೇವಾ ಸಂಘಟನೆಗಳ ಮೂಲಕ ಈ ತರಬೇತಿ ಸಾಗುತ್ತಿದೆ. ಗುಡ್ಡ ಜರಿದು ಮನೆಯ ಮೇಲೆ ಬೀಳುವುದು, ತಡೆಗೋಡೆ ಉರುಳುವುದು, ಕಾಮಗಾರಿಯ ಹೊಂಡದ ಅಂಚು ಕುಸಿಯುವುದು ಇಲ್ಲಿ ಹೆಚ್ಚಾಗಿ ಕಂಡುಬರುವ ಕುಸಿತಗಳು. ಹಾಗಾಗಿ ಇಲ್ಲಿನ ತರಬೇತಿಯಲ್ಲಿ ಕಾಂಕ್ರೀಟ್ ಅವಶೇಷದಷ್ಟೇ ಒದ್ದೆ ಮಣ್ಣಿಗೂ ಮಹತ್ವವಿದೆ.

ಪರಿಭಾಷೆ

ಸಿಕ್ಕಿಬಿದ್ದವರು ಎಲ್ಲಿದ್ದಾರೆ, ಎಷ್ಟು ಮಂದಿ ಇದ್ದಾರೆ, ಯಾವ ಸ್ಥಿತಿಯಲ್ಲಿದ್ದಾರೆ ಎಂದು ಪತ್ತೆಹಚ್ಚುವುದು ಶೋಧ. ಅವರನ್ನು ಅಡಚಣೆಯಿಂದ ಬಿಡಿಸಿ ಸುರಕ್ಷಿತ ಜಾಗಕ್ಕೆ ತರುವುದು ರಕ್ಷಣೆ. ಬದುಕಿರುವವರು ಇನ್ನಿಲ್ಲವೆಂದು ಖಚಿತವಾದ ಬಳಿಕ ಮೃತದೇಹಗಳನ್ನು ಹೊರತೆಗೆಯುವುದು ಶವಶೋಧ. ಅದರ ವೇಗವೂ ವಿಧಾನವೂ ಬೇರೆ. ಕುಸಿದ ಭಾಗಗಳ ನಡುವೆ ಉಳಿಯುವ ಖಾಲಿ ಜಾಗಕ್ಕೆ ಟೊಳ್ಳು ಎನ್ನುತ್ತಾರೆ. ಬೀಳುವ ಸ್ಥಿತಿಯಲ್ಲಿರುವ ಗೋಡೆ ಅಥವಾ ಸ್ಲ್ಯಾಬಿಗೆ ಕೊಡುವ ತಾತ್ಕಾಲಿಕ ಬಲ ಆಸರೆ. ಎತ್ತಿದ ಭಾರ ಮತ್ತೆ ಕುಸಿಯದಂತೆ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿ ಕಟ್ಟುವ ಚೌಕ ಅಟ್ಟಿಯನ್ನು ಕ್ರಿಬ್ಬಿಂಗ್ ಎಂದೂ, ಗಾಯಾಳುಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವುದನ್ನು ಟ್ರಯಾಜ್ ಎಂದೂ ಕರೆಯುವುದು ರೂಢಿ.

ಕೈಯಲ್ಲಿ ಹಿಡಿಯುವ ಉಪಕರಣಗಳಿಂದ, ಅಲ್ಪ ಹಾನಿಯ ಕಟ್ಟಡದಲ್ಲಿ ನಡೆಯುವ ಕೆಲಸ ಲಘು ರಕ್ಷಣೆ. ಕಾಂಕ್ರೀಟ್ ಕತ್ತರಿಸುವುದು, ಭಾರೀ ಯಂತ್ರಗಳಿಂದ ಸ್ಲ್ಯಾಬ್ ಎತ್ತುವುದು, ಆಳದ ಟೊಳ್ಳಿಗೆ ಇಳಿಯುವುದು ತಾಂತ್ರಿಕ ರಕ್ಷಣೆ. ಸ್ವಯಂಸೇವಕರ ತರಬೇತಿ ಮೊದಲನೆಯದಕ್ಕೆ ಸೀಮಿತ. ಎರಡನೆಯದರಲ್ಲಿ ಅವರು ಸಹಾಯಕರು ಮಾತ್ರ.

ಉಗಮ ಮತ್ತು ಬೆಳವಣಿಗೆ

ನಾಗರಿಕರ ರಕ್ಷಣಾ ತಂಡಗಳು ವ್ಯವಸ್ಥಿತ ರೂಪ ಪಡೆದದ್ದು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ. ವೈಮಾನಿಕ ದಾಳಿಗೆ ತುತ್ತಾದ ಮನೆಗಳಿಂದ ಜನರನ್ನು ಹೊರತೆಗೆದ ಅನುಭವದಿಂದ ಕಟ್ಟಡ ಕುಸಿತದ ಬಗೆಗಳ ವರ್ಗೀಕರಣ ಮತ್ತು ರಕ್ಷಣೆಯ ಐದು ಹಂತಗಳ ಕ್ರಮ ರೂಪುಗೊಂಡವು. ಅವಶೇಷದಡಿ ಕೈಕಾಲು ಜಜ್ಜಿಹೋಗಿ, ಹೊರತೆಗೆದ ಬಳಿಕ ಮೂತ್ರಪಿಂಡ ವಿಫಲವಾಗಿ ಸಾಯುತ್ತಿದ್ದವರ ಸ್ಥಿತಿಯನ್ನು 1941ರಲ್ಲಿ ಲಂಡನ್ನಿನ ವೈದ್ಯರಾದ ಬೈವಾಟರ್ಸ್ ಮತ್ತು ಬೀಲ್ ವಿವರಿಸಿದರು.

ಭಾರತದಲ್ಲಿ ಗೃಹರಕ್ಷಕ ದಳ 1946ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ತುರ್ತು ಪರಿಹಾರ ಕಾರ್ಯದ ತರಬೇತಿಗೆ 1957ರಲ್ಲಿ ನಾಗಪುರದಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಗೊಂಡು, 1968ರಲ್ಲಿ ರಾಷ್ಟ್ರೀಯ ಪೌರರಕ್ಷಣಾ ಕಾಲೇಜು ಎಂಬ ಹೆಸರು ಪಡೆಯಿತು. 1962ರ ಚೀನಾ ಯುದ್ಧದ ಅನಂತರ ಗೃಹರಕ್ಷಕ ದಳ ಮತ್ತು ಪೌರರಕ್ಷಣೆ ಎರಡೂ ಬಲಗೊಂಡವು. ಕರ್ನಾಟಕದ ದಳಕ್ಕೆ 1962ರ ಗೃಹರಕ್ಷಕ ದಳ ಅಧಿನಿಯಮವೇ ಆಧಾರ. 1968ರ ಪೌರರಕ್ಷಣಾ ಅಧಿನಿಯಮ ಮುಖ್ಯವಾಗಿ ಶತ್ರುದಾಳಿಯನ್ನು ಗಮನದಲ್ಲಿಟ್ಟುಕೊಂಡಿತ್ತು. 2009ರ ತಿದ್ದುಪಡಿಯಿಂದ ವಿಪತ್ತು ನಿರ್ವಹಣೆಯೂ ಅದರ ವ್ಯಾಪ್ತಿಗೆ ಬಂತು.

1985ರ ಮೆಕ್ಸಿಕೋ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ನಾಗರಿಕರು ನೂರಾರು ಮಂದಿಯನ್ನು ಉಳಿಸಿದರು. ಆ ಯತ್ನದಲ್ಲಿ ರಕ್ಷಕರಲ್ಲೂ ಹಲವರು ಸತ್ತರು. ಅದನ್ನು ಗಮನಿಸಿದ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆ ನೆರೆಹೊರೆಯವರಿಗೆ ತರಬೇತಿ ನೀಡುವ ಕ್ರಮವನ್ನು ಆರಂಭಿಸಿತು. ಮೆಕ್ಸಿಕೋ ಮತ್ತು 1988ರ ಅರ್ಮೇನಿಯಾ ಭೂಕಂಪಗಳ ಹಿನ್ನೆಲೆಯಲ್ಲಿ 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಇನ್ಸರಾಗ್ ಎಂಬ ಅಂತರರಾಷ್ಟ್ರೀಯ ಸಲಹಾ ಮಂಡಳಿ ರೂಪುಗೊಂಡಿತು. ಶೋಧದ ಗುರುತುಗಳು, ಸೀಟಿಯ ಸಂಕೇತಗಳು ಮತ್ತು ತಂಡಗಳ ದರ್ಜೆಗಳಿಗೆ ಅದರ ಮಾರ್ಗಸೂಚಿಯೇ ಮಾದರಿ.

2001ರ ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ಬಳಿಕ 2005ರ ವಿಪತ್ತು ನಿರ್ವಹಣಾ ಅಧಿನಿಯಮ ಜಾರಿಗೆ ಬಂತು. ಅದರ ಅಡಿಯಲ್ಲಿ 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್, ಅಸ್ತಿತ್ವಕ್ಕೆ ಬಂತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಆಪದ ಮಿತ್ರ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ ನೆರೆಪೀಡಿತವಾಗುವ 30 ಜಿಲ್ಲೆಗಳಲ್ಲಿ ತಲಾ 200ರಂತೆ 6,000 ಸ್ವಯಂಸೇವಕರ ಗುರಿಯಿತ್ತು. ಮುಂದಿನ ಹಂತದಲ್ಲಿ ಅದು 350 ಜಿಲ್ಲೆಗಳಿಗೆ ಮತ್ತು ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು.

ಮಂಗಳೂರಿನ ಹಿನ್ನೆಲೆ

ಮಂಗಳೂರು ನೇತ್ರಾವತಿ ಮತ್ತು ಗುರುಪುರ ನದಿಗಳ ನಡುವೆ ಮುರಕಲ್ಲಿನ ದಿಣ್ಣೆಗಳ ಮೇಲೂ ಅವುಗಳ ಇಳಿಜಾರಿನಲ್ಲೂ ಬೆಳೆದ ನಗರ. ವಾರ್ಷಿಕ ಮಳೆ 3,500 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುರಿಯುತ್ತದೆ. ಮನೆ, ರಸ್ತೆ ಮತ್ತು ಬಹುಮಹಡಿ ಕಟ್ಟಡಗಳಿಗಾಗಿ ಗುಡ್ಡಗಳನ್ನು ನೆಟ್ಟಗೆ ಕಡಿದಾಗ ಮೇಲಿನ ಗಟ್ಟಿ ಮುರಕಲ್ಲಿನ ಪದರದ ಕೆಳಗಿರುವ ಮೆತ್ತನೆಯ ಜೇಡಿಮಣ್ಣು ತೆರೆದುಕೊಳ್ಳುತ್ತದೆ. ನೀರು ಇಂಗಿದಂತೆ ಆ ಮಣ್ಣಿನ ತೂಕ ಹೆಚ್ಚಿ ಬಿಗಿ ಸಡಿಲವಾಗುತ್ತದೆ. ನೀರು ಹೊರಹೋಗುವ ತೂತುಗಳಿಲ್ಲದ ತಡೆಗೋಡೆ ಒತ್ತಡ ತಾಳದೆ ಒಮ್ಮೆಲೇ ಉರುಳುತ್ತದೆ.

ನಗರದಲ್ಲಿ ಮುರಕಲ್ಲಿನ ಗೋಡೆಯ ಹಂಚಿನ ಮನೆಗಳೂ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಗಳೂ ಒತ್ತೊತ್ತಿಗೆ ಇವೆ. ಭೂಕಂಪನ ವಲಯಗಳ ವಿಂಗಡಣೆಯಲ್ಲಿ 2016ರ ಐಎಸ್ 1893 ಸಂಹಿತೆ ಮಂಗಳೂರನ್ನು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿರಿಸಿದೆ. ಪಣಂಬೂರು, ಬೈಕಂಪಾಡಿ, ಸುರತ್ಕಲ್ ಪಟ್ಟಿಯಲ್ಲಿ ಬಂದರು, ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ ಇರುವುದರಿಂದ ಕುಸಿತದ ಜೊತೆಗೆ ಬೆಂಕಿ ಮತ್ತು ಅನಿಲ ಸೋರಿಕೆಯ ಸಾಧ್ಯತೆಯನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತದೆ.

ಸಂಘಟನೆ

2005ರ ಅಧಿನಿಯಮದ ಪ್ರಕಾರ ಜಿಲ್ಲಾಧಿಕಾರಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಘಟನಾ ಸ್ಥಳಕ್ಕೆ ಪ್ರವೇಶವನ್ನು ನಿರ್ಬಂಧಿಸುವ, ಅವಶೇಷ ತೆರವುಗೊಳಿಸುವ, ಶೋಧ ಮತ್ತು ರಕ್ಷಣೆ ನಡೆಸುವ ಅಧಿಕಾರ ಈ ಪ್ರಾಧಿಕಾರಕ್ಕಿದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಏಕೀಕೃತ ತುರ್ತು ಸಂಖ್ಯೆ 112.

ಮಂಗಳೂರಿನಲ್ಲಿ ಪಾಂಡೇಶ್ವರ ಮತ್ತು ಕದ್ರಿಯಲ್ಲಿ ಅಗ್ನಿಶಾಮಕ ಠಾಣೆಗಳಿವೆ. ಜಿಲ್ಲಾ ಗೃಹರಕ್ಷಕ ದಳದ ಕಚೇರಿ ಮೇರಿಹಿಲ್‌ನಲ್ಲಿದೆ. ರಾಜ್ಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎಸ್‌ಡಿಆರ್‌ಎಫ್, ಅಗ್ನಿಶಾಮಕ ಇಲಾಖೆಯ ಅಧೀನದಲ್ಲಿದೆ. ಎನ್‌ಡಿಆರ್‌ಎಫ್‌ನ ಹತ್ತನೆಯ ಬೆಟಾಲಿಯನ್ ಕರ್ನಾಟಕದ ಹೊಣೆ ಹೊತ್ತಿದ್ದು, ಅದರ ಕೇಂದ್ರಸ್ಥಾನ ಆಂಧ್ರಪ್ರದೇಶದಲ್ಲಿದೆ.

ಸ್ವಯಂಸೇವಕರನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಗೃಹರಕ್ಷಕರು: ಸಮವಸ್ತ್ರ, ಶಿಸ್ತು ಮತ್ತು ದರ್ಜೆಗಳಿರುವ ಸ್ವಯಂಸೇವಾ ಪಡೆ. ಪೊಲೀಸರಿಗೆ ನೆರವಾಗುವುದರ ಜೊತೆಗೆ ನೆರೆ, ಬೆಂಕಿ, ಕುಸಿತಗಳಲ್ಲಿ ರಕ್ಷಣಾ ಕೆಲಸ ಮಾಡುತ್ತಾರೆ.

ಪೌರರಕ್ಷಣಾ ಸ್ವಯಂಸೇವಕರು: ವಾರ್ಡನ್ ಸೇವೆ, ಅಗ್ನಿಶಮನ, ಗಾಯಾಳು ಸೇವೆ, ರಕ್ಷಣಾ ಸೇವೆ ಸೇರಿ ಒಟ್ಟು 12 ಸೇವೆಗಳಲ್ಲಿ ಇವರ ಸಂಘಟನೆ.

ಆಪದ ಮಿತ್ರರು: 12 ದಿನಗಳ ತರಬೇತಿ ಪಡೆದು ತುರ್ತು ಕಿಟ್ ಮತ್ತು ವಿಮೆಯ ಸೌಲಭ್ಯ ಹೊಂದಿದ ಸ್ಥಳೀಯರು. ಯೋಜನೆಯ ವಿಸ್ತರಣೆಯಲ್ಲಿ ದಕ್ಷಿಣ ಕನ್ನಡವೂ ಸೇರಿದೆ.

ಸಂಘಸಂಸ್ಥೆಗಳ ಘಟಕಗಳು: ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ 'ಶೌರ್ಯ' ವಿಪತ್ತು ನಿರ್ವಹಣಾ ಘಟಕಗಳು, ಭಾರತೀಯ ರೆಡ್‌ಕ್ರಾಸ್ ಸಂಸ್ಥೆಯ ಜಿಲ್ಲಾ ಶಾಖೆ, ಕಾಲೇಜುಗಳ ಎನ್ನೆಸ್ಸೆಸ್ ಮತ್ತು ಎನ್‌ಸಿಸಿ ಘಟಕಗಳು ಈ ಗುಂಪಿಗೆ ಸೇರುತ್ತವೆ.

ಕುಸಿತದ ಬಗೆಗಳು

ಎಲ್ಲಿ ಹುಡುಕಬೇಕೆಂಬುದು ಕಟ್ಟಡ ಬಿದ್ದ ರೀತಿಯನ್ನು ಅವಲಂಬಿಸಿದೆ. ಒಂದು ಬದಿಯ ಗೋಡೆ ಮಾತ್ರ ಬಿದ್ದು ಸ್ಲ್ಯಾಬಿನ ಇನ್ನೊಂದು ಅಂಚು ಹಾಗೇ ನಿಂತಿದ್ದರೆ ಅದು ಒರಗು ಕುಸಿತ. ನಿಂತ ಗೋಡೆಯ ಬುಡದಲ್ಲಿ ತ್ರಿಕೋನಾಕಾರದ ಟೊಳ್ಳು ಉಳಿಯುತ್ತದೆ. ಸ್ಲ್ಯಾಬಿನ ನಡುಭಾಗ ಮುರಿದು ಕೆಳಗಿಳಿದರೆ ನಡುಮುರಿತ. ಇಕ್ಕೆಲದ ಗೋಡೆಗಳ ಬಳಿ ಎರಡು ಟೊಳ್ಳುಗಳಿರುತ್ತವೆ. ನಡುವಿನ ಆಧಾರ ನಿಂತು ಹೊರಗೋಡೆಗಳು ಬಿದ್ದರೆ ಡೇರೆಯಾಕಾರದ ಕುಸಿತವಾಗಿ, ಟೊಳ್ಳು ನಡುವೆ ಸಿಗುತ್ತದೆ. ಮಹಡಿಗಳು ಒಂದರ ಮೇಲೊಂದು ಕುಳಿತರೆ ಪದರ ಕುಸಿತ; ಇದರಲ್ಲಿ ಟೊಳ್ಳುಗಳು ತೀರ ಕಿರಿದು, ಬದುಕುಳಿಯುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ. ಸ್ಲ್ಯಾಬಿನ ಒಂದು ತುದಿ ಗಾಳಿಯಲ್ಲಿ ತೂಗುತ್ತಿದ್ದರೆ ತೂಗು ಕುಸಿತ. ರಕ್ಷಕರಿಗೆ ಇದು ಅತ್ಯಂತ ಅಪಾಯಕಾರಿ.

ಮಂಗಳೂರಿನಲ್ಲಿ ಇವುಗಳಿಗೆ ಇನ್ನೆರಡು ಸೇರುತ್ತವೆ. ಹಂಚಿನ ಮನೆಯ ಮೇಲೆ ಗುಡ್ಡ ಬಿದ್ದಾಗ ಪಕ್ಕಾಸು, ರೀಪುಗಳ ಸಮೇತ ಮಾಡು ಮುರಕಲ್ಲಿನ ಗೋಡೆಯೊಂದಿಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಟೊಳ್ಳುಗಳು ಬೇಗನೆ ಕೆಸರಿನಿಂದ ತುಂಬಿ ಉಸಿರಾಟಕ್ಕೆ ಅವಕಾಶ ಇಲ್ಲವಾಗುತ್ತದೆ. ಕಾಮಗಾರಿಯ ಹೊಂಡದಲ್ಲಿ ಅಂಚು ಜರಿದಾಗ ಕೆಲಸಗಾರ ನೇರವಾಗಿ ಮಣ್ಣಿನಲ್ಲಿ ಹೂತುಹೋಗುತ್ತಾನೆ. ಒಂದು ಘನ ಮೀಟರ್ ಒದ್ದೆ ಮಣ್ಣು ಎರಡು ಟನ್ನಿನಷ್ಟು ತೂಗಬಹುದು. ಆದ್ದರಿಂದ ಮುಖ ಹೊರಗಿದ್ದರೂ ಎದೆಯ ಮೇಲಿನ ಒತ್ತಡದಿಂದಲೇ ಉಸಿರು ನಿಲ್ಲಬಲ್ಲದು.

ತರಬೇತಿಯ ಅಂಗಗಳು

ಸ್ಥಳದ ಅಂದಾಜು: ಒಳಗೆ ಕಾಲಿಡುವ ಮೊದಲು ಕಟ್ಟಡವನ್ನು ಎಲ್ಲ ಬದಿಯಿಂದ ನೋಡುವುದು ಮೊದಲ ಪಾಠ. ಕಿಟಕಿಯ ಗಾಜು ಒಡೆದು ಗಿಲಾವು ಬಿರುಕು ಬಿಟ್ಟಿದ್ದರೆ ಅಲ್ಪ ಹಾನಿ, ಒಳಗೆ ಹುಡುಕಬಹುದು. ಕಟ್ಟಡದ ಸ್ಥಿರತೆ ಅನುಮಾನಾಸ್ಪದವಾಗಿದ್ದರೆ ಮಧ್ಯಮ ಹಾನಿ. ಕಡಿಮೆ ಜನ, ಕಡಿಮೆ ಹೊತ್ತು ಮಾತ್ರ ಒಳಗಿರಬೇಕು. ಕಂಬ, ತೊಲೆ ಮುರಿದು ಕಟ್ಟಡ ವಾಲಿದ್ದರೆ ತೀವ್ರ ಹಾನಿ, ಸ್ವಯಂಸೇವಕರಿಗೆ ಪ್ರವೇಶವಿಲ್ಲ. ಮೆಸ್ಕಾಂಗೆ ತಿಳಿಸಿ ವಿದ್ಯುತ್ ಕಡಿತ ಮಾಡಿಸುವುದು, ಅಡುಗೆ ಅನಿಲದ ರೆಗ್ಯುಲೇಟರ್ ಮುಚ್ಚುವುದು, ಜನಜಂಗುಳಿಯನ್ನು ಹಗ್ಗ ಕಟ್ಟಿ ದೂರವಿಡುವುದು ಈ ಹಂತದ ಕೆಲಸಗಳು. ಮನೆಯವರು, ನೆರೆಯವರು ಅಥವಾ ಕಾಮಗಾರಿಯ ಮೇಸ್ತ್ರಿಯನ್ನು ಕೇಳಿ ಎಷ್ಟು ಮಂದಿ, ಯಾವ ಕೋಣೆಯಲ್ಲಿ, ಆ ಹೊತ್ತಿಗೆ ಏನು ಮಾಡುತ್ತಿದ್ದರು ಎಂದು ಬರೆದುಕೊಳ್ಳುತ್ತಾರೆ.

ರಕ್ಷಣೆಯ ಐದು ಹಂತಗಳು: ಮೊದಲು ಮೇಲ್ನೋಟಕ್ಕೇ ಕಾಣುವ ಗಾಯಾಳುಗಳನ್ನು ತೆಗೆಯುವುದು, ಎರಡನೆಯದಾಗಿ ಅಲ್ಪ ಹಾನಿಯ ಭಾಗಗಳಲ್ಲಿ ಹುಡುಕುವುದು, ಮೂರನೆಯದಾಗಿ ಬದುಕಿರುವ ಸಾಧ್ಯತೆಯಿರುವ ಟೊಳ್ಳುಗಳನ್ನು ಪರೀಕ್ಷಿಸುವುದು, ನಾಲ್ಕನೆಯದಾಗಿ ಆಯ್ದ ಜಾಗಗಳಲ್ಲಿ ಅವಶೇಷ ತೆರವು, ಕೊನೆಗೆ ಪೂರ್ಣ ತೆರವು. ಸ್ವಯಂಸೇವಕರ ಪಾತ್ರ ಮೊದಲೆರಡು ಹಂತಗಳಲ್ಲಿ ಪ್ರಧಾನ. ಉಳಿದವುಗಳಲ್ಲಿ ಅವರು ವೃತ್ತಿಪರರ ಸೂಚನೆಯಂತೆ ಕೆಲಸ ಮಾಡುತ್ತಾರೆ.

ಕೂಗಿ ಕೇಳುವ ಶೋಧ: ತಂಡದವರು ಅವಶೇಷದ ಸುತ್ತ ಅಂತರ ಬಿಟ್ಟು ನಿಲ್ಲುತ್ತಾರೆ. ನಾಯಕನ ಸಂಕೇತಕ್ಕೆ ಜೆಸಿಬಿ, ಜನರೇಟರ್, ಮಾತು ಎಲ್ಲ ನಿಲ್ಲುತ್ತವೆ. ಒಬ್ಬರು ಕೂಗಿ ಕರೆಯುತ್ತಾರೆ ಅಥವಾ ಕೊಳವೆಯನ್ನು ಕೆಲವು ಬಾರಿ ಬಡಿಯುತ್ತಾರೆ. ಉಳಿದವರು ಕಿವಿಗೊಟ್ಟು, ಸದ್ದು ಬಂದ ದಿಕ್ಕನ್ನು ಕೈಯಿಂದ ತೋರುತ್ತಾರೆ. ಇಬ್ಬರು ಮೂವರು ತೋರಿದ ರೇಖೆಗಳು ಸೇರುವ ಜಾಗವೇ ಹುಡುಕಬೇಕಾದ ಜಾಗ. ಕೂಗುವ ಮಾತು ಸಿಕ್ಕಿಬಿದ್ದವರಿಗೆ ತಿಳಿಯುವ ಭಾಷೆಯಲ್ಲಿರಬೇಕಾದ್ದರಿಂದ ಮಂಗಳೂರಿನ ಮನೆಗಳಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿಯೂ ಉತ್ತರ ಭಾರತದ ಕಾರ್ಮಿಕರು ದುಡಿಯುವ ಕಾಮಗಾರಿಗಳಲ್ಲಿ ಹಿಂದಿಯೂ ಬೇಕಾಗುತ್ತವೆ. ಕೋಣೆಗಳೊಳಗೆ ಹುಡುಕುವಾಗ ಒಂದೇ ಕೈಯನ್ನು ಗೋಡೆಗೆ ತಾಗಿಸಿಕೊಂಡು ಸಾಗಿದರೆ ಕತ್ತಲಲ್ಲೂ ಹೊರಬರುವ ದಾರಿ ತಪ್ಪುವುದಿಲ್ಲ. ಮಂಚದ ಅಡಿ, ಮೇಜಿನ ಅಡಿ, ಬಚ್ಚಲುಕೋಣೆ, ಮೆಟ್ಟಿಲಿನ ಕೆಳಭಾಗವನ್ನು ತಪ್ಪದೆ ನೋಡಬೇಕು.

ಗುರುತು: ಒಳಹೋಗುವಾಗ ಬಾಗಿಲ ಬಳಿ ಒಂದು ಓರೆಗೆರೆ, ಹೊರಬಂದ ಮೇಲೆ ಅದನ್ನು ಅಡ್ಡಹಾಯುವ ಇನ್ನೊಂದು ಗೆರೆ ಎಳೆಯುವುದು ಒಂದು ಪದ್ಧತಿ. ನಾಲ್ಕು ಮೂಲೆಗಳಲ್ಲಿ ತಂಡ, ಸಮಯ, ಅಪಾಯ ಮತ್ತು ಸಿಕ್ಕವರ ಸಂಖ್ಯೆ ಬರೆಯುತ್ತಾರೆ. ಇನ್ಸರಾಗ್ ಪದ್ಧತಿಯಲ್ಲಿ ಒಂದು ಮೀಟರ್ ಅಳತೆಯ ಚೌಕವನ್ನು ಬಳಸುತ್ತಾರೆ. ಇದರಿಂದ ಒಂದೇ ಕಟ್ಟಡವನ್ನು ಎರಡೆರಡು ತಂಡಗಳು ಹುಡುಕುವುದು ತಪ್ಪುತ್ತದೆ.

ಸೀಟಿಯ ಸಂಕೇತ: ಮೂರು ಗಿಡ್ಡ ಸೀಟಿ ಎಂದರೆ ಎಲ್ಲರೂ ಹೊರಗೆ ಬನ್ನಿ. ಒಂದು ದೀರ್ಘ ಸೀಟಿ ಎಂದರೆ ಕೆಲಸ ನಿಲ್ಲಿಸಿ, ಸದ್ದು ಮಾಡಬೇಡಿ. ಒಂದು ದೀರ್ಘ, ಒಂದು ಗಿಡ್ಡ ಎಂದರೆ ಕೆಲಸ ಮುಂದುವರಿಸಿ. ಗೋಡೆ ಅಥವಾ ಗುಡ್ಡದ ಮೇಲೆ ಕಣ್ಣಿಟ್ಟಿರುವ ಕಾವಲುಗಾರನಿಗೆ ಬೇರೆ ಕೆಲಸ ಕೊಡುವುದಿಲ್ಲ.

ಎತ್ತುವುದು ಮತ್ತು ಆಸರೆ: ಹಾರೆಕೋಲನ್ನು ಗಟ್ಟಿ ಬುಡದ ಮೇಲೆ ಸನ್ನೆಗೋಲಾಗಿ ಬಳಸಿ ಭಾರವನ್ನು ಸ್ವಲ್ಪಸ್ವಲ್ಪವೇ ಎತ್ತುತ್ತಾರೆ. ಒಂದಿಂಚು ಎತ್ತಿದರೆ ಒಂದಿಂಚು ಮರ ತುಂಬಬೇಕೆಂಬುದು ಇಲ್ಲಿನ ನಿಯಮ. ಅಟ್ಟಿಯ ಎತ್ತರ ಅದರ ಬುಡದ ಅಗಲದ ಮೂರು ಪಟ್ಟನ್ನು ಮೀರಬಾರದು. ಭಾರದ ಅಡಿಗೆ ಕೈ ತೂರಿಸದೆ ಮರದ ತುಂಡನ್ನು ಇನ್ನೊಂದು ತುಂಡಿನಿಂದ ತಳ್ಳಬೇಕು.

ಮಣ್ಣಿನ ಕೆಲಸ: ಮೇಲಿನ ಇಳಿಜಾರಿನಲ್ಲಿ ಹೊಸ ಬಿರುಕು, ಓರೆಯಾದ ಮರ, ಕೆಸರುನೀರಿನ ಒಸರು ಕಂಡರೆ ಮತ್ತೊಂದು ಕುಸಿತದ ಸೂಚನೆ. ಮಳೆನೀರನ್ನು ಬೇರೆಡೆಗೆ ತಿರುಗಿಸಿ, ಬಿರುಕುಗಳ ಮೇಲೆ ಟಾರ್ಪಾಲು ಹೊದಿಸುತ್ತಾರೆ. ಜೆಸಿಬಿಯನ್ನು ಹೊರಭಾಗದ ಮಣ್ಣು ತೆಗೆಯಲಷ್ಟೇ ಬಳಸಿ, ಸಿಕ್ಕಿಬಿದ್ದವರ ಹತ್ತಿರ ಗುದ್ದಲಿಯನ್ನೂ ಬದಿಗಿಟ್ಟು ಕೈಯಿಂದ ಬಗೆಯಬೇಕು. ಮೊದಲು ಮುಖ, ಆಮೇಲೆ ಎದೆಯ ಭಾಗವನ್ನು ಬಿಡಿಸಿ ಉಸಿರಾಟಕ್ಕೆ ಅವಕಾಶ ಮಾಡಿಕೊಡುವುದು ಕ್ರಮ. ಜೆಸಿಬಿ ಹೋಗುವ ದಾರಿಯಿಲ್ಲದ ಗುಡ್ಡದ ಮನೆಗಳಲ್ಲಿ ಸಾಲಾಗಿ ನಿಂತು ಬಾಂಡ್ಲಿಯಿಂದ ಬಾಂಡ್ಲಿಗೆ ಮಣ್ಣು ಸಾಗಿಸುವ ಅಭ್ಯಾಸ ಮಾಡಿಸುತ್ತಾರೆ.

ಪ್ರಥಮ ಚಿಕಿತ್ಸೆ ಮತ್ತು ವಿಂಗಡಣೆ: ಉಸಿರಾಟ, ರಕ್ತಸಂಚಾರ, ಪ್ರಜ್ಞೆ ಈ ಮೂರನ್ನು ನೋಡಿ ಗಾಯಾಳುಗಳನ್ನು ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸುತ್ತಾರೆ. ನಡೆಯಬಲ್ಲವರು ಹಸಿರು, ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಕೈಕಾಲು ಬಹಳ ಹೊತ್ತು ಭಾರದಡಿ ಸಿಲುಕಿದ್ದರೆ ಸ್ನಾಯುಗಳಲ್ಲಿ ಸೇರಿದ ಪೊಟ್ಯಾಸಿಯಂ ಮೊದಲಾದ ವಸ್ತುಗಳು ಭಾರ ತೆಗೆದ ಕೂಡಲೇ ರಕ್ತಕ್ಕೆ ನುಗ್ಗಿ ಹೃದಯವನ್ನು ನಿಲ್ಲಿಸಬಹುದು. ಇಂಥವರಿಗೆ ಭಾರ ತೆಗೆಯುವ ಮೊದಲೇ ವೈದ್ಯರಿಂದ ರಕ್ತನಾಳದ ಮೂಲಕ ದ್ರವ ಕೊಡಿಸಬೇಕು. ಎಳೆದು ಬಿಡಿಸುವ ಆತುರ ಇಲ್ಲಿ ಜೀವಕ್ಕೇ ಮುಳುವಾಗುತ್ತದೆ.

ಸಾಗಣೆ: ಬೆನ್ನುಮೂಳೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ಕುತ್ತಿಗೆ ಅಲುಗದಂತೆ ಹಲಗೆಗೆ ಕಟ್ಟಿ ಸಾಗಿಸಬೇಕು. ಸ್ಟ್ರೆಚರ್ ಇಲ್ಲದಾಗ ಎರಡು ಬಿದಿರುಗಳ ನಡುವೆ ಕಂಬಳಿ ಅಥವಾ ಗೋಣಿಚೀಲ ಬಳಸಿ ಸಿದ್ಧಪಡಿಸುವುದು, ಇಬ್ಬರು ಕೈಕೈ ಹಿಡಿದು ಪೀಠ ಮಾಡುವುದು, ಒಬ್ಬರೇ ಹೆಗಲ ಮೇಲೆ ಹೊರುವುದು, ಮಹಡಿಯಿಂದ ಹಗ್ಗದಲ್ಲಿ ಇಳಿಸುವುದು ಗೃಹರಕ್ಷಕ ಮತ್ತು ಪೌರರಕ್ಷಣಾ ತರಬೇತಿಯ ಹಳೆಯ ಪಾಠಗಳು. ಗಂಟುಗಳಲ್ಲಿ ಬೋಲೈನ್, ಕ್ಲೋವ್ ಹಿಚ್, ರೀಫ್ ಕಡ್ಡಾಯ.

ಉಪಕರಣಗಳು

ಆಪದ ಮಿತ್ರರ ಕಿಟ್‌ನಲ್ಲಿ ಹೆಲ್ಮೆಟ್, ಕೈಗವಸು, ರಕ್ಷಣಾ ಕನ್ನಡಕ, ಗಂಬೂಟು, ರೈನ್‌ಕೋಟು, ಟಾರ್ಚು, ಸೀಟಿ, ಚಾಕು, ಲೈಫ್ ಜಾಕೆಟ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತವೆ. ತಂಡದ ಬಳಕೆಗೆ ಹಾರೆಕೋಲು, ಪಿಕ್ಕಾಸು, ಗುದ್ದಲಿ, ಬಾಂಡ್ಲಿ, ಜಾಕು, ಹಗ್ಗ, ಏಣಿ, ಮರದ ತುಂಡು, ಗರಗಸ ಬೇಕು. ಕಾಂಕ್ರೀಟ್ ಮತ್ತು ಕಬ್ಬಿಣ ಕತ್ತರಿಸುವ ಯಂತ್ರಗಳು, ಗಾಳಿ ತುಂಬಿ ಭಾರ ಎತ್ತುವ ಚೀಲಗಳು, ಟೊಳ್ಳಿನೊಳಗೆ ಇಳಿಬಿಡುವ ಕ್ಯಾಮೆರಾ, ಸದ್ದು ಗ್ರಹಿಸುವ ಸಾಧನಗಳು ಮತ್ತು ತರಬೇತಾದ ನಾಯಿಗಳು ವೃತ್ತಿಪರ ಪಡೆಗಳ ಸಲಕರಣೆಗಳು. ಸ್ವಯಂಸೇವಕರು ಅವುಗಳ ಬಳಿ ಹೇಗೆ ನಿಲ್ಲಬೇಕು, ಯಾವಾಗ ದೂರ ಸರಿಯಬೇಕು ಎಂಬುದನ್ನಷ್ಟೇ ಕಲಿಯುತ್ತಾರೆ.

ಬಳಕೆ ಮತ್ತು ಪ್ರಮುಖ ಘಟನೆಗಳು

2010ರ ಮೇ 22ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರು ವಿಮಾನ ನಿಲ್ದಾಣದ ಅಂಚಿನ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಬದುಕುಳಿದರು. ಇದು ಕಟ್ಟಡ ಕುಸಿತವಲ್ಲದಿದ್ದರೂ, ಮೊದಲು ಧಾವಿಸಿದವರಲ್ಲಿ ಸುತ್ತಲಿನ ನಿವಾಸಿಗಳಿದ್ದರು.

2020ರ ಫೆಬ್ರವರಿಯಲ್ಲಿ ಬಂಟ್ಸ್ ಹಾಸ್ಟೆಲ್ ಸಮೀಪದ ಕಾಮಗಾರಿಯಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಮೃತಪಟ್ಟರು. ಅದೇ ವರ್ಷದ ಜುಲೈ 5ರಂದು ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ಇಬ್ಬರು ಮಕ್ಕಳು ಸತ್ತರು. 2024ರ ಜೂನ್ 26ರಂದು ಉಳ್ಳಾಲ ತಾಲೂಕಿನ ಕುತ್ತಾರು ಮದನಿನಗರದಲ್ಲಿ ಪಕ್ಕದ ಆವರಣಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಅಸುನೀಗಿದರು. ಒಂದು ವಾರದ ಬಳಿಕ, ಜುಲೈ 3ರಂದು, ಬಲ್ಮಠದ ಕಾಮಗಾರಿಯಲ್ಲಿ ಮಣ್ಣಿನಡಿ ಸಿಲುಕಿದ ಇಬ್ಬರಲ್ಲಿ ಒಬ್ಬರನ್ನು ಜೀವಂತ ಹೊರತರಲಾಯಿತು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆ ಹೂತುಹೋಗಿ ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ತೀರಿಕೊಂಡರು. ಮಕ್ಕಳ ತಾಯಿಯನ್ನು ಹಲವು ಗಂಟೆಗಳ ಕಾರ್ಯಾಚರಣೆಯಿಂದ ಹೊರತೆಗೆಯಲಾಯಿತು. ಅಲ್ಲಿ ಸ್ಥಳೀಯರು, ಅಗ್ನಿಶಾಮಕ ಸಿಬ್ಬಂದಿ, ಎಸ್‌ಡಿಆರ್‌ಎಫ್ ಮತ್ತು ಎನ್‌ಡಿಆರ್‌ಎಫ್ ಒಟ್ಟಿಗೆ ದುಡಿದರು.

ರಾಜ್ಯದ ಇತರೆಡೆಯ ಘಟನೆಗಳು ಕಾಂಕ್ರೀಟ್ ಕುಸಿತದ ಪಾಠಗಳಿಗೆ ಆಧಾರ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಮಂದಿ ಮೃತರಾದರು. ಹಲವು ದಿನ ನಡೆದ ಕಾರ್ಯಾಚರಣೆಯಲ್ಲಿ ಕೆಲವರು ದಿನಗಟ್ಟಲೆ ಒಳಗಿದ್ದೂ ಜೀವಂತ ಸಿಕ್ಕರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಾಮಗಾರಿ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು.

ಮಿತಿಗಳು

ಹೊಣೆ ಘಟನಾ ಸ್ಥಳದ ನಾಯಕನದು. ವೃತ್ತಿಪರ ಪಡೆ ಬಂದೊಡನೆ ಸ್ವಯಂಸೇವಕರು ತಮ್ಮ ಟಿಪ್ಪಣಿ ಮತ್ತು ಗುರುತುಗಳ ಸಮೇತ ಸ್ಥಳವನ್ನು ಒಪ್ಪಿಸಬೇಕು. ಒಬ್ಬರೇ ಒಳಹೋಗುವಂತಿಲ್ಲ, ಕನಿಷ್ಠ ಇಬ್ಬರ ಜೋಡಿ ಬೇಕು. ಕಲಿತ ಕೌಶಲ ಅಭ್ಯಾಸವಿಲ್ಲದೆ ಮರೆಯುವುದರಿಂದ ಪುನರಾವರ್ತಿತ ತರಬೇತಿ ಮತ್ತು ಅಣಕು ಕಾರ್ಯಾಚರಣೆ ಪಠ್ಯಕ್ರಮದ ಭಾಗ. ರಕ್ಷಣೆಯ ಬಳಿಕ ಸ್ವಯಂಸೇವಕರಲ್ಲಿ ಕಾಣುವ ನಿದ್ರಾಹೀನತೆ, ತಳಮಳಗಳ ಬಗ್ಗೆಯೂ ಪಾಠವಿರುತ್ತದೆ.

ಈಗಿನ ಸ್ಥಿತಿ

ಮಳೆಗಾಲಕ್ಕೆ ಮೊದಲೇ ದಕ್ಷಿಣ ಕನ್ನಡದಲ್ಲಿ ಎನ್‌ಡಿಆರ್‌ಎಫ್ ತಂಡವನ್ನು ನಿಯೋಜಿಸುವ ಪದ್ಧತಿ ಬೆಳೆದಿದೆ. ಈ ತಂಡಗಳು ಗೃಹರಕ್ಷಕರಿಗೂ ಸ್ವಯಂಸೇವಕರಿಗೂ ಪ್ರಾತ್ಯಕ್ಷಿಕೆ ನೀಡುತ್ತವೆ. 2025ರ ಮೇ 7ರಂದು ದೇಶದ ಹಲವೆಡೆ ನಡೆದ ಪೌರರಕ್ಷಣಾ ಅಣಕು ಕಾರ್ಯಾಚರಣೆಯ ಬಳಿಕ ಪೌರರಕ್ಷಣಾ ಸ್ವಯಂಸೇವಕರ ನೋಂದಣಿಗೆ ಮತ್ತೆ ಒತ್ತು ಸಿಕ್ಕಿದೆ. ಎನ್ನೆಸ್ಸೆಸ್, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಹಾಗೂ ನೆಹರು ಯುವ ಕೇಂದ್ರಗಳ ಎರಡು ಲಕ್ಷಕ್ಕೂ ಹೆಚ್ಚು ಯುವಜನರನ್ನು ಗುರಿಯಾಗಿಸಿದ ಯುವ ಆಪದ ಮಿತ್ರ ಯೋಜನೆ ದೇಶದ 315 ಜಿಲ್ಲೆಗಳಿಗೆ ರೂಪಿತವಾಗಿದೆ. ಬೆಂಗಳೂರಿನ ಆರ್. ಎ. ಮುಂಡ್ಕೂರು ಅಗ್ನಿಶಾಮಕ ಅಕಾಡೆಮಿ ರಾಜ್ಯದ ಅಗ್ನಿಶಾಮಕ ಸಿಬ್ಬಂದಿಯ ಮುಖ್ಯ ತರಬೇತಿ ಕೇಂದ್ರ. ಅಲ್ಲಿ ಕಲಿತ ಸಿಬ್ಬಂದಿ ಜಿಲ್ಲಾ ಮಟ್ಟದಲ್ಲಿ ಸ್ವಯಂಸೇವಕರಿಗೆ ಬೋಧಕರಾಗುತ್ತಾರೆ.